ರಕ್ತದ ಸಾಕ್ಷಿ

ಪಶ್ಚಿಮ ಘಟ್ಟದ ಬುಡದಲ್ಲಿ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳು ಒಂದಕ್ಕೊಂದು ಒತ್ತಿಕೊಂಡಿವೆ. ಇವುಗಳಲ್ಲಿ ಕಡಬವು ಕಿರಿಯದು. ಹಿಂದೆ ಪುತ್ತೂರಿಗೂ ಸುಳ್ಯಕ್ಕೂ ಸೇರಿದ್ದ ಗ್ರಾಮಗಳನ್ನು ಕೂಡಿಸಿ ಈಚಿನ ವರ್ಷಗಳಲ್ಲಿ ರಚಿತವಾದುದು. ಘಟ್ಟದಿಂದ ಇಳಿದುಬರುವ ಕುಮಾರಧಾರೆಯು ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಪಯಸ್ವಿನಿಯು ಸುಳ್ಯದ ಮಗ್ಗುಲಲ್ಲಿ ಹರಿದು ಕಾಸರಗೋಡಿನ ಕಡೆಗೆ ಸಾಗುತ್ತದೆ. ಗುಡ್ಡಗಳ ಮೇಲೆ ಗೇರು ಮತ್ತು ರಬ್ಬರು, ತಗ್ಗಿನಲ್ಲಿ ಅಡಿಕೆ ತೋಟ, ಅಲ್ಲಲ್ಲಿ ಉಳಿದುಕೊಂಡಿರುವ ಗದ್ದೆ. ಇದು ಈ ನಾಡಿನ ಚಹರೆ.

ಇಲ್ಲಿಯ ಕೃಷಿಕನು ತನ್ನ ತೋಟದ ರೋಗಗಳನ್ನು ಚೆನ್ನಾಗಿ ಬಲ್ಲ. ಮಳೆಗಾಲದಲ್ಲಿ ಎಳೆಯ ಅಡಿಕೆಯ ಮೇಲೆ ನೀರಿನಲ್ಲಿ ನೆನೆದಂತಹ ಕಲೆ ಮೂಡಿದರೆ ಸಾಕು, ಅದು ಕೊಳೆರೋಗವೆಂದು ಮರದ ಬುಡದಲ್ಲಿ ನಿಂತೇ ಹೇಳಬಲ್ಲ. ಕಲೆ ಕಾಣಿಸುವುದಕ್ಕೆ ಮೊದಲೇ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕೆಂಬುದೂ ಅವನಿಗೆ ಗೊತ್ತು. ಆದರೆ ಆಟಿ ತಿಂಗಳ ಜಡಿಮಳೆಯಲ್ಲಿ ಮನೆಯ ಮಗುವೊಂದು ಮೈ ಸುಡುವ ಜ್ವರದಿಂದ ಮಲಗಿತೆಂದರೆ ಅದೇ ಕೃಷಿಕನು ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ. ಜ್ವರಕ್ಕೆ ಕಲೆಯಿಲ್ಲ, ಬಣ್ಣವಿಲ್ಲ. ಮೈಕೈ ನೋವು, ತಲೆನೋವು, ಊಟ ಸೇರದಿರುವುದು, ಚಳಿ ಇವೆಲ್ಲ ಹತ್ತಾರು ರೋಗಗಳಿಗೆ ಸಮಾನವಾದ ಲಕ್ಷಣಗಳು.

ಈ ಮೂರು ತಾಲೂಕುಗಳಲ್ಲಿ ಮಳೆಗಾಲದ ಜ್ವರವೆಂದರೆ ಡೆಂಗಿ ಇರಬಹುದು, ಚಿಕೂನ್‌ಗುನ್ಯ ಇರಬಹುದು, ಇಲಿಜ್ವರವಿರಬಹುದು, ವಿಷಮಶೀತಜ್ವರ ಅಥವಾ ಮಲೇರಿಯವೂ ಇರಬಹುದು. ಬಿದ್ದ ಅಡಿಕೆ ಹಾಳೆಯ ಮಡಿಕೆಯಲ್ಲಿ, ರಬ್ಬರು ಮರಕ್ಕೆ ಕಟ್ಟಿದ ಗೆರಟೆಯಲ್ಲಿ ನಿಂತ ಒಂದು ಹಿಡಿ ಮಳೆನೀರು ಡೆಂಗಿಯ ಸೊಳ್ಳೆ ಮರಿಯಿಡುವುದಕ್ಕೆ ಧಾರಾಳವಾಯಿತು. ಗದ್ದೆಯ ಕೆಸರಿನಲ್ಲಿ, ತೋಟದ ಕಣಿಯಲ್ಲಿ ಬರಿಗಾಲಿನಿಂದ ಓಡಾಡುವವನ ಪಾದದ ಬಿರುಕಿನ ಮೂಲಕ ಇಲಿಜ್ವರದ ರೋಗಾಣು ಒಳಹೊಗುತ್ತದೆ. ಇಲಿಯ ಮೂತ್ರದಿಂದ ಅದು ನೀರಿಗೆ ಸೇರಿರುತ್ತದೆ.

ಯಾವ ಜ್ವರವಾದರೇನು, ಮದ್ದು ಕೊಟ್ಟರಾಯಿತಲ್ಲ ಎಂದು ಕೇಳುವವರುಂಟು. ಇಲ್ಲಿಯೇ ವಿಷಯದ ಗಾಂಭೀರ್ಯವಿರುವುದು. ಇಲಿಜ್ವರವು ಬ್ಯಾಕ್ಟೀರಿಯದಿಂದ ಬರುವ ರೋಗ. ಮೊದಲ ಕೆಲವು ದಿನಗಳಲ್ಲಿಯೇ ಗುರುತಿಸಿದರೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಮೊದಲಾದ ಅಗ್ಗದ ಔಷಧಗಳಿಂದ ಗುಣವಾಗುತ್ತದೆ. ಅಲಕ್ಷಿಸಿದರೆ ಯಕೃತ್ತು ಮತ್ತು ಮೂತ್ರಪಿಂಡಗಳು ಕೆಟ್ಟು ರೋಗಿ ಸಾಯಬಹುದು. ಡೆಂಗಿಯಾದರೋ ವೈರಾಣುವಿನಿಂದ ಬರತಕ್ಕದ್ದು. ಅದಕ್ಕೆ ಈ ಔಷಧಗಳು ನಾಟುವುದಿಲ್ಲ. ಅಷ್ಟೇ ಅಲ್ಲ, ಮೈನೋವಿಗೆಂದು ಅಂಗಡಿಯಿಂದ ತಂದು ನುಂಗುವ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ಗುಳಿಗೆಗಳು ಡೆಂಗಿ ರೋಗಿಯಲ್ಲಿ ರಕ್ತಸ್ರಾವವನ್ನು ಉಂಟುಮಾಡಬಲ್ಲವು. ಒಂದು ಜ್ವರದಲ್ಲಿ ನೋವು ಕಳೆಯುವ ಗುಳಿಗೆಯೇ ಇನ್ನೊಂದರಲ್ಲಿ ಅಪಾಯ ತರುತ್ತದೆ. ಆದುದರಿಂದ ಜ್ವರದ ಹೆಸರನ್ನು ತಿಳಿಯದೆ ಗತ್ಯಂತರವಿಲ್ಲ. ಆ ಹೆಸರನ್ನು ಹೇಳಬಲ್ಲ ಸಾಕ್ಷಿ ರೋಗಿಯ ರಕ್ತದಲ್ಲಿಯೇ ಇದೆ.

ಪ್ರಾಯದ ಮನುಷ್ಯನೊಬ್ಬನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ದ್ರವ. ಉಳಿದುದು ಕೆಂಪು ಕಣ, ಬಿಳಿಯ ಕಣ ಮತ್ತು ಕಿರುಬಿಲ್ಲೆಗಳು. ಪ್ರನಾಳದಲ್ಲಿ ಹಿಡಿದ ರಕ್ತವನ್ನು ಅರ್ಧ ಗಂಟೆ ಅಲುಗಾಡಿಸದೆ ಇಟ್ಟರೆ ಅದು ಹೆಪ್ಪುಗಟ್ಟಿ, ಮೇಲ್ಗಡೆ ಒಣಹುಲ್ಲಿನ ಬಣ್ಣದ ತಿಳಿ ದ್ರವವೊಂದು ಬೇರೆಯಾಗುತ್ತದೆ. ಇದಕ್ಕೆ ರಕ್ತಸಾರವೆಂದು ಹೆಸರು. ನೋಡಲು ನಿಸ್ಸಾರವಾದ ಈ ನೀರಿನಲ್ಲಿ ಆ ಮನುಷ್ಯನು ಹಿಂದೆ ಅನುಭವಿಸಿದ ಅನೇಕ ರೋಗಗಳ ನೆನಪು ಅಡಗಿರುತ್ತದೆ. ನೆನಪೆಂಬುದು ಇಲ್ಲಿ ಕೇವಲ ಅಲಂಕಾರದ ಮಾತಲ್ಲ. ರೋಗಾಣು ದೇಹವನ್ನು ಹೊಕ್ಕಾಗ ಕೆಲವು ಬಿಳಿಯ ಕಣಗಳು ಅದರ ಆಕಾರಕ್ಕೆ ಬೀಗಕ್ಕೆ ಕೀಲಿಕೈಯಂತೆ ಹೊಂದುವ ಪ್ರೋಟೀನುಗಳನ್ನು ತಯಾರಿಸುತ್ತವೆ. ಇವೇ ಪ್ರತಿಕಾಯಗಳು. ಪ್ರತಿಕಾಯವು ಯಾವುದನ್ನು ಗುರಿಯಾಗಿ ಹಿಡಿಯುತ್ತದೆಯೋ ಅದು ಪ್ರತಿಜನಕ. ಡೆಂಗಿಗಾಗಿ ಹುಟ್ಟಿದ ಪ್ರತಿಕಾಯ ಇಲಿಜ್ವರದ ರೋಗಾಣುವನ್ನು ಹಿಡಿಯಲಾರದು. ರೋಗ ವಾಸಿಯಾದ ಮೇಲೆಯೂ ಕೆಲವು ಬಗೆಯ ಪ್ರತಿಕಾಯಗಳು ವರ್ಷಗಟ್ಟಲೆ, ಕೆಲವೊಮ್ಮೆ ಜೀವಮಾನವಿಡೀ ರಕ್ತದಲ್ಲಿ ಉಳಿಯುತ್ತವೆ.

ರಕ್ತಸಾರದಲ್ಲಿ ಇಂಥ ಶಕ್ತಿಯಿದೆಯೆಂಬುದನ್ನು 1890ರಲ್ಲಿ ಬರ್ಲಿನ್ ನಗರದಲ್ಲಿ ಎಮಿಲ್ ಬೆಹ್ರಿಂಗ್ ಮತ್ತು ಜಪಾನಿನ ಕಿಟಸಾಟೊ ತೋರಿಸಿಕೊಟ್ಟರು. 1896ರಲ್ಲಿ ಪ್ಯಾರಿಸಿನ ವೈದ್ಯ ವಿಡಾಲ್, ವಿಷಮಶೀತಜ್ವರದ ರೋಗಿಯ ರಕ್ತಸಾರವನ್ನು ಆ ರೋಗದ ಬ್ಯಾಕ್ಟೀರಿಯಗಳೊಡನೆ ಬೆರೆಸಿದರೆ ಅವು ಒಂದಕ್ಕೊಂದು ಅಂಟಿಕೊಂಡು ಗರಣೆಗಟ್ಟುವುದನ್ನು ರೋಗ ನಿರ್ಣಯಕ್ಕೆ ಬಳಸಿದನು. ಹಾಲು ಒಡೆದಾಗ ಆಗುವಂತೆ ಪ್ರನಾಳದಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣಿಸುತ್ತವೆ. ಐದಾರು ವರ್ಷಗಳ ತರುವಾಯ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಮತ್ತು ತನ್ನ ಸಹೋದ್ಯೋಗಿಗಳ ರಕ್ತವನ್ನೇ ಹೀಗೆ ಒಬ್ಬರದನ್ನು ಇನ್ನೊಬ್ಬರದರೊಡನೆ ಬೆರೆಸಿ ನೋಡಿ, 1901ರಲ್ಲಿ ಮಾನವ ರಕ್ತದ ಗುಂಪುಗಳನ್ನು ಪ್ರಕಟಿಸಿದನು. ಆತನಿಗೆ 1930ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇಂದಿಗೂ ತಾಲೂಕು ಕೇಂದ್ರದ ಪ್ರಯೋಗಶಾಲೆಯಲ್ಲಿ ಗಾಜಿನ ಬಿಲ್ಲೆಯ ಮೇಲೆ ಎರಡು ಮೂರು ಹನಿಗಳನ್ನು ಕಲಸಿ ರಕ್ತದ ಗುಂಪನ್ನು ಹೇಳುವುದು ಅದೇ ತತ್ತ್ವದಿಂದ. ಗರ್ಭಿಣಿಯರ ತಪಾಸಣೆ, ರಕ್ತದಾನದ ಮೊದಲಿನ ತಪಾಸಣೆ ಇವೆಲ್ಲ ಇದೇ ಶಾಸ್ತ್ರದ ಕೊಂಬೆಗಳು.

ವಿಡಾಲನ ಪರೀಕ್ಷೆಯಲ್ಲಿ ಒಂದು ತೊಡಕಿದೆ. ಅದನ್ನು ತಿಳಿದುಕೊಂಡರೆ ರಕ್ತ ಪರೀಕ್ಷೆಗಳೆಲ್ಲದರ ಮರ್ಮವೂ ತಿಳಿದಂತೆಯೇ. ರಕ್ತಸಾರವನ್ನು 20 ಪಾಲಿಗೆ ಒಂದರಂತೆ, ಬಳಿಕ 40ಕ್ಕೆ, 80ಕ್ಕೆ, 160ಕ್ಕೆ ಹೀಗೆ ಪ್ರತಿಸಲವೂ ಇಮ್ಮಡಿ ತೆಳುಗೊಳಿಸುತ್ತ ಸಾಲಾಗಿ ಪ್ರನಾಳಗಳಲ್ಲಿ ಇಡುತ್ತಾರೆ. ಎಷ್ಟು ತೆಳುವಾದರೂ ಗರಣೆ ಕಟ್ಟುವುದೋ ಅಷ್ಟು ಪ್ರತಿಕಾಯ ಹೇರಳವಾಗಿದೆಯೆಂದು ಅರ್ಥ. ಸರಿ, 80ರವರೆಗೆ ಗರಣೆ ಕಟ್ಟಿತು. ಇದರಿಂದ ಈ ರೋಗಿಗೆ ಈಗ ವಿಷಮಶೀತಜ್ವರವಿದೆಯೆಂದು ಹೇಳಬಹುದೇ? ಹೇಳಲಾಗದು. ಈ ರೋಗ ಬಹುಕಾಲದಿಂದ ನೆಲೆಸಿರುವ ನಾಡಿನಲ್ಲಿ ಆರೋಗ್ಯವಂತರ ರಕ್ತದಲ್ಲಿಯೂ ಅಷ್ಟಿಷ್ಟು ಪ್ರತಿಕಾಯವಿರುತ್ತದೆ. ಹಿಂದೆ ಎಂದೋ ಬಂದುಹೋದ ಜ್ವರದ ನೆನಪು ಅದಾಗಿರಬಹುದು. ವಾರ ಹತ್ತು ದಿನ ಕಳೆದು ಅದೇ ರೋಗಿಯ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿದಾಗ ಆ ಸಂಖ್ಯೆ 320ಕ್ಕೆ ಏರಿದ್ದರೆ, ಅಂದರೆ ನಾಲ್ಕು ಮಡಿಯಾಗಿದ್ದರೆ, ಆಗ ದೇಹವು ಈಗಲೇ ಆ ರೋಗಾಣುವಿನೊಡನೆ ಹೋರಾಡುತ್ತಿದೆಯೆಂದು ಧೈರ್ಯವಾಗಿ ಹೇಳಬಹುದು. ಹೀಗಿದ್ದರೂ ಒಂದೇ ಸಲದ ವಿಡಾಲ್ ಪರೀಕ್ಷೆಯನ್ನು ನಂಬಿ ‘ಟೈಫಾಯಿಡ್’ ಎಂದು ತೀರ್ಮಾನಿಸುವ ರೂಢಿ ನಮ್ಮ ದೇಶದಲ್ಲಿ ಬೇರೂರಿಬಿಟ್ಟಿದೆ. ಅದು ಖೇದದ ಸಂಗತಿ.

ಹಳೆಯ ನೆನಪು ಮತ್ತು ಹೊಸ ರೋಗ ಇವೆರಡನ್ನೂ ಬಿಡಿಸಿ ನೋಡುವ ಈ ವಿದ್ಯೆಯು ಕನ್ನಡ ನಾಡಿನಲ್ಲಿಯೇ ಒಮ್ಮೆ ದೊಡ್ಡ ಪರೀಕ್ಷೆಗೆ ಒಳಗಾಯಿತು. 1957ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಸೌದೆಗೆಂದು, ದನ ಮೇಯಿಸಲೆಂದು ಹೋಗಿಬರುತ್ತಿದ್ದ ಜನರಿಗೆ ತೀವ್ರ ಜ್ವರ ಬಂದು ಹಲವರು ಮೃತರಾದರು. ಜನರು ಅದನ್ನು ಮಂಗನ ಕಾಯಿಲೆಯೆಂದು ಕರೆದರು. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಾಣು ಸಂಶೋಧನ ಕೇಂದ್ರಕ್ಕೆ ಸುದ್ದಿ ಮುಟ್ಟಿದಾಗ ವಿಜ್ಞಾನಿಗಳ ಎದೆ ನಡುಗಿದ್ದು ಸಹಜವೇ. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ರೋಗವೆಂದರೆ ಆಗ ಎಲ್ಲರಿಗೂ ತಟ್ಟನೆ ತೋಚುತ್ತಿದ್ದುದು ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರ. ಆ ಜ್ವರವನ್ನು ಹರಡಬಲ್ಲ ಸೊಳ್ಳೆ ಭಾರತದ ಊರೂರಿನಲ್ಲಿಯೂ ಇತ್ತು. ಜ್ವರ ಮಾತ್ರ ಇಲ್ಲಿಗೆ ಎಂದೂ ಕಾಲಿಟ್ಟಿರಲಿಲ್ಲ. ಅದು ಬಂದಿದ್ದರೆ ಇಡೀ ದೇಶಕ್ಕೇ ಗಂಡಾಂತರ.

ಕೇಂದ್ರದ ನಿರ್ದೇಶಕ ಟೆಲ್‌ಫರ್ಡ್ ವರ್ಕ್ ಮತ್ತು ಆತನ ಸಂಗಡಿಗರು ಸೊರಬದ ಕಾಡಿಗೆ ಬಂದರು. ಕ್ಯಾಸನೂರು ಕಾಡಿನ ಮಂಗದಿಂದ ವೈರಾಣುವನ್ನು ಬೇರ್ಪಡಿಸಿದರು. ಈಗ ಅದು ಯಾರೆಂದು ಕೇಳಬೇಕಾಗಿತ್ತು. ಕೇಳುವ ವಿಧಾನ ಹೀಗೆ: ಗೊತ್ತಿರುವ ಒಂದೊಂದು ವೈರಾಣುವಿನ ವಿರುದ್ಧ ಹುಟ್ಟಿದ ರಕ್ತಸಾರಗಳನ್ನು ಈ ಅಪರಿಚಿತ ವೈರಾಣುವಿನೊಡನೆ ಬೆರೆಸಿ ಯಾವುದು ಅದನ್ನು ಹಿಡಿಯುವುದೋ ನೋಡುವುದು. ಹಳದಿ ಜ್ವರವೆಂಬ ಶಂಕೆ ನಿಲ್ಲಲಿಲ್ಲ. ಎಲ್ಲಿಯ ಸೊರಬ, ಎಲ್ಲಿಯ ಸೈಬೀರಿಯ! ರಷ್ಯದ ಕಾಡುಗಳಲ್ಲಿ ವಸಂತ ಮತ್ತು ಬೇಸಗೆಯ ಕಾಲದಲ್ಲಿ ಉಣುಗುಗಳಿಂದ ಹರಡುವ ಮೆದುಳುಜ್ವರದ ವೈರಾಣುವಿಗೆ ಈ ಹೊಸ ವೈರಾಣು ಸಮೀಪದ ಬಂಧುವೆಂದು ತಿಳಿದುಬಂತು. ಆಗ ಸೊಳ್ಳೆಯನ್ನು ಬಿಟ್ಟು ಉಣುಗನ್ನು ಹುಡುಕಲಾರಂಭಿಸಿದರು; ಕಾಡಿನ ಉಣುಗುಗಳಲ್ಲಿ ಅದೇ ವೈರಾಣು ಸಿಕ್ಕಿತು. ರೋಗಕ್ಕೆ ಕ್ಯಾಸನೂರು ಕಾಡಿನ ಹೆಸರೇ ನಿಂತಿತು.

ಇನ್ನೂ ಸೋಜಿಗದ ಸಂಗತಿಯೊಂದಿದೆ. ಸೊರಬದ ಈ ಘಟನೆಗೆ ಐದು ವರ್ಷ ಮೊದಲೇ, 1952ರಲ್ಲಿ, ಅದೇ ಪುಣೆಯ ಕೇಂದ್ರವು ದೇಶದ ಬೇರೆ ಬೇರೆ ಕಡೆಯ ಜನರ ರಕ್ತಸಾರಗಳನ್ನು ಸಂಗ್ರಹಿಸಿ ಪರೀಕ್ಷಿಸಿತ್ತು. ಆಗ ಸೌರಾಷ್ಟ್ರ ಮತ್ತು ಕಚ್ಛ ಪ್ರದೇಶದ ಕೆಲವರ ರಕ್ತದಲ್ಲಿ ಆ ರಷ್ಯದ ವೈರಾಣುವನ್ನು ತಡೆಯುವ ಪ್ರತಿಕಾಯಗಳು ಕಂಡಿದ್ದವು. ಭಾರತದಲ್ಲಿ ಇಂಥ ರೋಗವನ್ನು ಯಾವ ವೈದ್ಯನೂ ಆವರೆಗೆ ನೋಡಿರಲಿಲ್ಲ. ವೈದ್ಯರಿಗೆ ಗೊತ್ತಿಲ್ಲದುದು ರಕ್ತಕ್ಕೆ ಗೊತ್ತಿತ್ತು.

ಮಂಗನ ಕಾಯಿಲೆಯು ಮಲೆನಾಡಿನಲ್ಲಿಯೇ ನಿಲ್ಲಲಿಲ್ಲ. 1982-83ರ ಒಣಗಾಲದಲ್ಲಿ ಅದು ಘಟ್ಟದ ಕೆಳಗೆ, ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನಲ್ಲಿ ಕಾಣಿಸಿಕೊಂಡಿತು. ಇಂದಿನ ಕಡಬ ತಾಲೂಕಿಗೆ ಬೆಳ್ತಂಗಡಿಯು ನೆರೆಯದೇ ಆಗಿದೆ. ಗೇರು ಬೆಳೆಸಲೆಂದು ಕಾಡನ್ನು ಕಡಿದ ಜಾಗದ ಸುತ್ತಮುತ್ತ ಜ್ವರ ಹಬ್ಬಿತು. ಕೂಲಿ ಮಾಡಿ ಬದುಕುವ ಬಡವರು ಹೆಚ್ಚಾಗಿ ಅದಕ್ಕೆ ಬಲಿಯಾದರು. ಕಾಡಿನ ದೈವಗಳ ಸ್ಥಾನ ಕೆಡಿಸಿದ್ದರಿಂದ ಅವು ಮುನಿದಿವೆಯೆಂದು ಹಳ್ಳಿಯ ಜನ ಮಾತಾಡಿಕೊಂಡರು. ಕಾಡು ಕಡಿದುದಕ್ಕೂ ರೋಗಕ್ಕೂ ಸಂಬಂಧವಿದೆಯೆಂಬ ಅವರ ಊಹೆ ಸುಳ್ಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ನಡುವೆ ಇದ್ದ ಉಣುಗನ್ನೂ ವೈರಾಣುವನ್ನೂ ತೋರಿಸಿಕೊಟ್ಟದ್ದು ಪ್ರಯೋಗಶಾಲೆ.

ಇದಾಗಿ ಕಾಲು ಶತಮಾನ ಕಳೆದ ಮೇಲೆ, 2008ರಲ್ಲಿ, ದಕ್ಷಿಣ ಕನ್ನಡವನ್ನು ಚಿಕೂನ್‌ಗುನ್ಯ ಮುತ್ತಿತು. ಈ ಹೆಸರು ಆಫ್ರಿಕದ ಮಕೋಂಡೆ ಭಾಷೆಯದು. ‘ಬಗ್ಗಿಹೋಗುವುದು’ ಎಂಬುದು ಅದರ ಭಾವ. ಕೀಲುಕೀಲುಗಳ ನೋವಿನಿಂದ ರೋಗಿ ನಡು ಬಗ್ಗಿಸಿ ನಡೆಯುವುದರಿಂದ ಆ ಹೆಸರು. ಅಡಿಕೆ ಹೆಕ್ಕುವವರು, ರಬ್ಬರು ಹಾಲು ತೆಗೆಯುವವರು ತಿಂಗಳುಗಟ್ಟಲೆ ಕೈ ಮಡಚಲಾರದೆ ಕೆಲಸ ಬಿಟ್ಟು ಕುಳಿತರೆ ಮನೆ ನಡೆಯುವುದು ಹೇಗೆ? ಮನುಷ್ಯನ ದುಡಿಮೆಯನ್ನೇ ಕಸಿದುಕೊಳ್ಳುವ ರೋಗವಿದು. ಲಕ್ಷಣಗಳಿಂದಲೇ ಬಹುಮಟ್ಟಿಗೆ ಗುರುತು ಸಿಕ್ಕಿದರೂ, ಹೌದೆಂದು ದೃಢಪಡಿಸಲು ಮತ್ತೆ ರಕ್ತಸಾರವೇ ಬೇಕಾಯಿತು.

ಇಂದು ಇಂಥ ಪರೀಕ್ಷೆಗಳಲ್ಲಿ ಮುಖ್ಯವಾದುದು ಎಲೈಸಾ. 1971ರಲ್ಲಿ ಸ್ಟಾಕ್‌ಹೋಮಿನ ಎಂಗ್‌ವಾಲ್ ಮತ್ತು ಪರ್ಲ್‌ಮನ್ ಇದನ್ನು ಪ್ರಕಟಿಸಿದರು. ಅದೇ ಕಾಲಕ್ಕೆ ಹಾಲೆಂಡಿನ ಇಬ್ಬರು ವಿಜ್ಞಾನಿಗಳೂ ಸ್ವತಂತ್ರವಾಗಿ ಇದೇ ಬಗೆಯ ವಿಧಾನವನ್ನು ಕಂಡುಹಿಡಿದಿದ್ದರು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ಅಡ್ಡಕ್ಕೆ 12, ಉದ್ದಕ್ಕೆ 8 ಸಾಲುಗಳಂತೆ 96 ಪುಟ್ಟ ಕುಳಿಗಳಿರುತ್ತವೆ. ಚೆನ್ನೆಮಣೆಯನ್ನು ನೋಡಿದವರಿಗೆ ಇದರ ಚಿತ್ರ ಕಣ್ಣಿಗೆ ಕಟ್ಟೀತು. ಹೊಸ ಸೋಂಕಿನಲ್ಲಿ ಮೊದಲು ಹುಟ್ಟುವ ಐಜಿಎಂ ಎಂಬ ಜಾತಿಯ ಪ್ರತಿಕಾಯವನ್ನು ಹಿಡಿದುಕೊಳ್ಳುವ ಲೇಪವನ್ನು ಕುಳಿಯ ತಳಕ್ಕೆ ಮೊದಲೇ ಹಚ್ಚಿರುತ್ತಾರೆ. ಒಂದೊಂದು ಕುಳಿಗೆ ಒಬ್ಬೊಬ್ಬ ರೋಗಿಯ ತೆಳುಗೊಳಿಸಿದ ರಕ್ತಸಾರವನ್ನು ಹಾಕುತ್ತಾರೆ. ಕೆಲಹೊತ್ತಿನ ಮೇಲೆ ತೊಳೆಯುತ್ತಾರೆ. ಹಿಡಿದುಕೊಂಡದ್ದು ಉಳಿಯುತ್ತದೆ, ಮಿಕ್ಕಿದ್ದು ಹೋಗುತ್ತದೆ. ಬಳಿಕ ಡೆಂಗಿಯ ಪ್ರತಿಜನಕವನ್ನು ಹಾಕಿ ಮತ್ತೆ ತೊಳೆಯುತ್ತಾರೆ. ಕುಳಿಯಲ್ಲಿ ಸಿಕ್ಕಿಕೊಂಡ ಪ್ರತಿಕಾಯ ಡೆಂಗಿಯದೇ ಆಗಿದ್ದರೆ ಮಾತ್ರ ಪ್ರತಿಜನಕವು ಅದಕ್ಕೆ ಅಂಟಿ ನಿಲ್ಲುತ್ತದೆ. ಅದನ್ನು ಗುರುತಿಸುವ ಮತ್ತೊಂದು ಪ್ರತಿಕಾಯವನ್ನು, ಕಿಣ್ವದ ಬಾಲವನ್ನು ಕಟ್ಟಿಕೊಂಡದ್ದನ್ನು, ಕಳುಹಿಸುತ್ತಾರೆ. ಮತ್ತೆ ತೊಳೆತ. ಕೊನೆಗೆ ಬಣ್ಣವಿಲ್ಲದ ದ್ರಾವಣವೊಂದನ್ನು ಹಾಕಿದಾಗ, ಕಿಣ್ವವಿರುವ ಕುಳಿ ನೀಲಿಯಾಗುತ್ತದೆ. ಆಮ್ಲ ಹಾಕಿ ನಿಲ್ಲಿಸಿದರೆ ಹಳದಿಗೆ ತಿರುಗುತ್ತದೆ. ಡೆಂಗಿಯ ಪ್ರತಿಕಾಯವಿಲ್ಲದವನ ಕುಳಿ ತಿಳಿಯಾಗಿಯೇ ಉಳಿಯುತ್ತದೆ. ಬಣ್ಣ ಎಷ್ಟು ಗಾಢವೆಂಬುದನ್ನು ಯಂತ್ರವು ಅಳೆಯುತ್ತದೆ.

ಈ ಇಡೀ ಕೆಲಸದಲ್ಲಿ ಬೇಸರ ತರಿಸುವಂಥದು ತೊಳೆಯುವುದೇ; ಎಲ್ಲಕ್ಕಿಂತ ಮುಖ್ಯವಾದದ್ದೂ ತೊಳೆಯುವುದೇ. ಒಂದು ಸಲ ಸರಿಯಾಗಿ ತೊಳೆಯದಿದ್ದರೆ ರೋಗವಿಲ್ಲದವನ ಕುಳಿಯೂ ಹಳದಿಯಾದೀತು. ಆದುದರಿಂದಲೇ ಪ್ರತಿ ತಟ್ಟೆಯಲ್ಲಿಯೂ ಕೆಲವು ಕುಳಿಗಳನ್ನು ರೋಗಿಗಳಿಗೆ ಕೊಡದೆ, ರೋಗವಿದೆಯೆಂದು ಖಚಿತವಾಗಿ ಗೊತ್ತಿರುವ ರಕ್ತಸಾರಕ್ಕೂ ಇಲ್ಲವೆಂದು ಗೊತ್ತಿರುವ ರಕ್ತಸಾರಕ್ಕೂ ಮೀಸಲಿಡುತ್ತಾರೆ. ಇವು ನ್ಯಾಯಾಲಯದಲ್ಲಿ ಸಾಕ್ಷಿಯನ್ನೇ ಪರೀಕ್ಷಿಸುವ ಪಾಟೀಸವಾಲಿನಂತೆ. ಅವುಗಳ ಉತ್ತರ ತಪ್ಪಿದರೆ ಆ ದಿನದ ತಟ್ಟೆಯನ್ನೇ ತಳ್ಳಿಹಾಕಬೇಕು. ಹಾಗೆ ತಳ್ಳಿಹಾಕುವ ಎದೆಗಾರಿಕೆ ಇರುವ ಪ್ರಯೋಗಶಾಲೆಯೇ ನಂಬಿಕೆಗೆ ಅರ್ಹವಾದುದು. ಪುಣೆಯ ಆ ಕೇಂದ್ರಕ್ಕೆ 1978ರಿಂದ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯೆಂದು ಹೆಸರು. ಡೆಂಗಿ ಮತ್ತು ಚಿಕೂನ್‌ಗುನ್ಯದ ಐಜಿಎಂ ಪರೀಕ್ಷೆಗೆ ಬೇಕಾದ ಸಾಮಗ್ರಿಯನ್ನು ಅದು ತಯಾರಿಸಿ ದೇಶದ ಗೊತ್ತುಪಡಿಸಿದ ಆಸ್ಪತ್ರೆಗಳಿಗೆ ಒದಗಿಸುತ್ತ ಬಂದಿದೆ.

ಸಾಕ್ಷಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ. ಅದೂ ಕೇಳಿದ ದಿನದಂದು ತನಗೆ ಗೊತ್ತಿರುವಷ್ಟನ್ನು ಮಾತ್ರ. ಡೆಂಗಿ ಜ್ವರ ಬಂದ ಎರಡನೆಯ ದಿನ ರಕ್ತದಲ್ಲಿ ವೈರಾಣುವಿನದೇ ಆದ ಎನ್‌ಎಸ್‌1 ಎಂಬ ಪ್ರತಿಜನಕವಿರುತ್ತದೆ. ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಅಂದು ಐಜಿಎಂ ಪರೀಕ್ಷೆ ಮಾಡಿಸಿದರೆ ‘ಇಲ್ಲ’ ಎಂಬ ಉತ್ತರವೇ ಬಂದೀತು. ಸುಮಾರು ಐದು ದಿನಗಳಾದ ಮೇಲೆ ಪರಿಸ್ಥಿತಿ ತಿರುಗುಮುರುಗಾಗುತ್ತದೆ. ಎನ್‌ಎಸ್‌1 ಕಡಮೆಯಾಗುತ್ತ ಬಂದು ಐಜಿಎಂ ಏರುತ್ತದೆ. ಅದು ಎರಡು ಮೂರು ತಿಂಗಳು ಉಳಿಯುವುದೂ ಉಂಟು. ಅಂದರೆ ಸೋಣ ತಿಂಗಳಲ್ಲಿ ಕಂಡ ಐಜಿಎಂ ಆಟಿಯಲ್ಲಿ ಬಂದು ಗುಣವಾದ ಜ್ವರದ್ದಾಗಿರಬಹುದು. ಇದಲ್ಲದೆ ಡೆಂಗಿ, ಮಂಗನ ಕಾಯಿಲೆ, ಜಪಾನೀ ಮೆದುಳುಜ್ವರ ಇವುಗಳ ವೈರಾಣುಗಳು ಒಂದೇ ಕುಲಕ್ಕೆ ಸೇರಿದವು. ಅಣ್ಣನನ್ನು ಕಂಡು ತಮ್ಮನೆಂದು ಭ್ರಮಿಸುವಂತೆ ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲಿ ಬಣ್ಣ ಬರಿಸುವುದೂ ಅಪರೂಪವಲ್ಲ. ರೋಗಿ ಕಾಡಿಗೆ ಹೋಗಿದ್ದನೇ, ಗದ್ದೆಗಿಳಿದಿದ್ದನೇ, ಜ್ವರ ಎಂದು ಬಂತು ಎಂದು ವೈದ್ಯರು ವಿಚಾರಿಸುವುದು ಕಾಲಹರಣಕ್ಕಲ್ಲ. ಈ ಮಾತುಗಳಿಲ್ಲದಿದ್ದರೆ ಬಣ್ಣಕ್ಕೆ ಅರ್ಥವಿಲ್ಲ.

ಕಿರುಬಿಲ್ಲೆಗಳ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬುದು ಮಳೆಗಾಲದ ಕುಶಲ ಪ್ರಶ್ನೆಯೇ ಆಗಿಬಿಟ್ಟಿದೆ. ಸಹಜವಾಗಿ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರತಕ್ಕ ಇವು ಡೆಂಗಿಯಲ್ಲಿ ಇಳಿಯುತ್ತವೆ ನಿಜ. ಇಲಿಜ್ವರದಲ್ಲಿಯೂ ಮಲೇರಿಯದಲ್ಲಿಯೂ ಇಳಿಯುತ್ತವೆ. ಹಾಗಾಗಿ ಆ ಸಂಖ್ಯೆಯೊಂದೇ ರೋಗದ ಹೆಸರನ್ನು ಹೇಳದು.

ಕುಮಾರಧಾರೆಯ ದಡದ ಹಳ್ಳಿಯೊಂದರಲ್ಲಿ ಇಂಥದೊಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ನೇಜಿ ನೆಡುವ ಕೆಲಸಕ್ಕೆ ಹೋಗುವ ಮಧ್ಯವಯಸ್ಸಿನ ಹೆಂಗಸು. ಜ್ವರ ಬಂದು ಮೂರನೆಯ ದಿನ, ಮೀನಖಂಡದ ನೋವಿನಿಂದ ಕುಂಟುತ್ತ, ಮಗನ ಹೆಗಲು ಹಿಡಿದು ಆಸ್ಪತ್ರೆಗೆ ಬರುತ್ತಾಳೆ. ಕಣ್ಣು ಕೆಂಪಗಿದೆ. ವೈದ್ಯರು ಪಾದವನ್ನು ನೋಡುತ್ತಾರೆ. ಹಿಮ್ಮಡಿ ಒಡೆದು ಬಿರುಕು ಬಿಟ್ಟಿದೆ. ಡೆಂಗಿ, ಮಲೇರಿಯ, ಇಲಿಜ್ವರ ಮೂರಕ್ಕೂ ರಕ್ತ ಕೊಡುವಂತೆ ಚೀಟಿ ಬರೆಯುತ್ತಾರೆ. ಸಂಜೆಗೆ ಮೂರರ ಉತ್ತರವೂ ಒಂದೇ: ‘ಇಲ್ಲ’.

“ಮತ್ತೆ ಈ ಮದ್ದು ಯಾಕೆ ಡಾಕ್ಟ್ರೇ, ರಕ್ತದಲ್ಲಿ ಏನೂ ಇಲ್ಲವಂತಲ್ಲ?” ಎಂದು ಮಗ ಕೇಳುತ್ತಾನೆ.

“ಏನೂ ಇಲ್ಲ ಎಂದಲ್ಲ ಮಾರಾಯ, ಇನ್ನೂ ಕಾಣಿಸಿಲ್ಲ ಎಂದು. ಇಲಿಜ್ವರದ ಪ್ರತಿಕಾಯ ಕಾಣಲು ಐದಾರು ದಿನವಾದರೂ ಬೇಕು. ಅಷ್ಟು ದಿನ ಕಾಯುವ ಜ್ವರವಲ್ಲ ಇದು” ಎಂದು ವೈದ್ಯರು ಅಂದೇ ಔಷಧವನ್ನು ಆರಂಭಿಸುತ್ತಾರೆ. ಆಕೆಯ ಕಡೆಗೆ ತಿರುಗಿ, “ಅಮ್ಮ, ಜ್ವರ ಬಿಟ್ಟರೂ ಬರುವ ವಾರ ಇನ್ನೊಮ್ಮೆ ಬಂದು ರಕ್ತ ಕೊಟ್ಟು ಹೋಗಬೇಕು” ಎನ್ನುತ್ತಾರೆ.

ಜ್ವರ ಬಿಟ್ಟವರು ಮತ್ತೆ ಆಸ್ಪತ್ರೆಗೆ ಬರುವುದು ವಿರಳ. ಬಸ್ಸಿನ ಹಣ, ಒಂದು ದಿನದ ಕೂಲಿ ಎರಡೂ ನಷ್ಟ. ಪ್ರಯೋಗಶಾಲೆಗಳಿಗೆ ಎರಡನೆಯ ಮಾದರಿ ಸಿಗುವುದೇ ದುರ್ಲಭವಾಗಿರುವುದಕ್ಕೆ ಇದೇ ಕಾರಣ. ಆದರೆ ಈಕೆ ಮಾತಿನಂತೆ ಬಂದಳು. ಹೊಸ ಪ್ರನಾಳದ ಮೇಲೆ ತಂತ್ರಜ್ಞೆಯು ಹೆಸರು, ಊರು ಬರೆದು, ಜ್ವರ ಬಂದ ತಾರೀಖನ್ನು ಕೇಳಿ ಬರೆದುಕೊಂಡಳು. ಈ ಸಲ ಇಲಿಜ್ವರದ ತಟ್ಟೆಯಲ್ಲಿ ಆಕೆಯ ಕುಳಿ ಗಾಢವಾದ ಹಳದಿಯಾಗಿತ್ತು.

ಆಕೆ ಆಗಲೇ ಗುಣಮುಖಳಾಗಿದ್ದುದರಿಂದ ಈ ಉತ್ತರದಿಂದ ಅವಳ ಚಿಕಿತ್ಸೆಯಲ್ಲಿ ವ್ಯತ್ಯಾಸವೇನೂ ಆಗಲಿಲ್ಲ. ವರದಿಯ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಯಿತು. ಮರುದಿನ ಬೆಳಗ್ಗೆ ಆರೋಗ್ಯ ಸಹಾಯಕಿಯು ಕೊಡೆ ಹಿಡಿದು ಆ ಗದ್ದೆಯ ಕಟ್ಟಹುಣಿಯ ಮೇಲೆ ನಿಂತು, ಆಕೆಯ ಜೊತೆಯಲ್ಲಿ ಅದೇ ಕೆಸರಿನಲ್ಲಿ ನೇಜಿ ನೆಟ್ಟ ಉಳಿದ ಏಳು ಮಂದಿಯ ಹೆಸರನ್ನು ಬರೆದುಕೊಳ್ಳುತ್ತಿದ್ದಳು.